ಧನುರ್ಮಾಸದ ನಡುವೆ ಕ್ರಿಸ್ಮಸ್: ಅಬ್ಬೆ ದುಬುವಾನ ಬರಹಗಳನ್ನು ಕುಂತೂರಿನಿಂದ ಓದಿದಾಗ

ಹಳೆಯ ಮೈಸೂರು ಸೀಮೆಯ ಕ್ರೈಸ್ತರ ದಿನನಿತ್ಯದ ಬದುಕನ್ನು ತಿಳಿಯಹೊರಟವರು ಅಬ್ಬೆ ದುಬುವಾನ ಬರಹಗಳನ್ನು ಬಿಟ್ಟು ಮುಂದೆ ಹೋಗಲಾರರು. ಆದರೆ ಆ ಬರಹಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಕಳೆದ ಐದು ದಶಕಗಳಿಂದ ಹಾಗೆಯೇ ನಿಂತಿದೆ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವನ ಪ್ರಸಿದ್ಧ ಗ್ರಂಥದ ಬಹುಪಾಲು ಅವನದಲ್ಲ, ಜೆಸ್ವಿಟ್ ಪಾದ್ರಿ ಕೊರ್ದು 1777ರ ಹೊತ್ತಿಗೆ ಸಿದ್ಧಪಡಿಸಿದ್ದ ಬರಹದಿಂದ ಎತ್ತಿಕೊಂಡದ್ದು ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ ಅವರು ತೋರಿಸಿಕೊಟ್ಟರು. ಲಂಡನ್ನಿನಲ್ಲಿದ್ದ, ದೆವೋ ಎಂಬಾತನ ಹೆಸರಿನ, ಆ ಬರಹದ ಹಸ್ತಪ್ರತಿಯನ್ನು ಮುಂದಿಟ್ಟುಕೊಂಡು 1977ರಲ್ಲಿ ಶುರುವಾದ ಈ ಚರ್ಚೆ 1987ರಲ್ಲಿ ಅವರು ಪ್ರಕಟಿಸಿದ ಎರಡು ಸಂಪುಟಗಳಲ್ಲಿ ಪೂರ್ಣರೂಪ ಪಡೆಯಿತು. ಅಂದಿನಿಂದ ದುಬುವಾನನ್ನು ಸಾಕ್ಷಿಯಾಗಿ ಕರೆಯುವುದಕ್ಕೇ ಹಲವರು ಹಿಂಜರಿಯುತ್ತಾರೆ. ಈ ಹಿಂಜರಿಕೆ ಅರ್ಧ ಸರಿ, ಅರ್ಧ ತಪ್ಪು ಎಂಬುದು ನನ್ನ ನಿಲುವು. ಡಿಸೆಂಬರ್ ತಿಂಗಳ ಕಾವೇರಿ ಬಯಲನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ಪರಿಶೀಲಿಸುತ್ತೇನೆ.

ದುಬುವಾನ ಜೀವನದ ಮುಖ್ಯ ಸಂಗತಿಗಳ ಬಗ್ಗೆ ವಿವಾದವಿಲ್ಲ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಗೆ ಸೇರಿದ ಅವನು 1792ರಲ್ಲಿ ಫ್ರಾನ್ಸ್ ಬಿಟ್ಟ. ಮೊದಲ ಕೆಲವು ವರ್ಷಗಳನ್ನು ತಮಿಳು ನಾಡಿನಲ್ಲಿ ಕಳೆದು, 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದ. ಜನ ಅವನನ್ನು ದೊಡ್ಡಸ್ವಾಮಿ ಎಂದು ಕರೆದರು. ಹತ್ತಿಬಟ್ಟೆಯ ನಿಲುವಂಗಿ, ತಲೆಗೆ ರುಮಾಲು ಅವನ ಉಡುಪು. ಹಾಸನದ ಬಳಿ ಸಾತಹಳ್ಳಿಯಲ್ಲಿ ತನ್ನವರಿಗಾಗಿ ಬೇಸಾಯದ ನೆಲೆ ಕಟ್ಟಿದ. ಆಚಾರ ವಿಚಾರಗಳ ಹಸ್ತಪ್ರತಿಯನ್ನು ರೆಸಿಡೆಂಟ್ ವಿಲ್ಕ್ಸ್ ಮೂಲಕ ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡಿತು. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಅಚ್ಚಾಯಿತು. 1823ರ ಜನವರಿಯಲ್ಲಿ ಭಾರತ ಬಿಟ್ಟ ಅವನು ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಪತ್ರಗಳನ್ನು ಪ್ರಕಟಿಸಿದ. ಮರುವರ್ಷವೇ ಹಫ್ ಮತ್ತು ಟೌನ್ಲಿ ಎಂಬ ಪ್ರಾಟೆಸ್ಟೆಂಟರು ಅದಕ್ಕೆ ಪ್ರತ್ಯುತ್ತರ ಬರೆದರು.

ಈಗ ವಿವಾದದ ಭಾಗಕ್ಕೆ ಬರೋಣ. ಆಚಾರ ವಿಚಾರಗಳ ಗ್ರಂಥದಲ್ಲಿ ಪೊಂಗಲ್ ಹಬ್ಬವನ್ನು ವರ್ಣಿಸುವಾಗ ಅದರ ಹಿಂದಿನ ತಿಂಗಳ ಚಿತ್ರವೊಂದು ಬರುತ್ತದೆ. ಆ ತಿಂಗಳು ಅಶುಭವೆಂದು ಜನ ನಂಬುತ್ತಾರೆ. ಬೆಳಗಿನ ಜಾವಕ್ಕೇ ಸನ್ಯಾಸಿಗಳು ಜಾಗಟೆ ಬಾರಿಸುತ್ತ ಮನೆಮನೆಯ ಮುಂದೆ ಹಾದು ಹೋಗಿ ಮಲಗಿದವರನ್ನು ಎಬ್ಬಿಸುತ್ತಾರೆ. ಹೆಂಗಸರು ಬಾಗಿಲ ಮುಂದೆ ಸಾರಿಸಿ, ಹಿಟ್ಟಿನಲ್ಲಿ ರಂಗೋಲೆ ಬಿಟ್ಟು, ಅದರ ಮೇಲೆ ಸಗಣಿಯ ಸಣ್ಣ ಉಂಡೆಗಳನ್ನಿಟ್ಟು ಒಂದೊಂದಕ್ಕೂ ಹೂ ಸಿಕ್ಕಿಸುತ್ತಾರೆ. ಕ್ರಿಸ್ಮಸ್ಸಿಗೆ ಮುಂಚಿನ ಮತ್ತು ಅನಂತರದ ವಾರಗಳಲ್ಲಿ ಒಬ್ಬ ಪಾದ್ರಿ ಹಳ್ಳಿಯಲ್ಲಿ ಎದ್ದರೆ ಮೊದಲು ಕಣ್ಣಿಗೆ ಬೀಳುವುದು ಇದೇ ದೃಶ್ಯ. ಹಾಗಾದರೆ ಇದು ದುಬುವಾ ಮೈಸೂರಿನಲ್ಲಿ ಕಂಡದ್ದೋ, ಕೊರ್ದು ಪುದುಚೇರಿಯ ಆಸುಪಾಸಿನಲ್ಲಿ ಕಂಡದ್ದೋ?

ಮ್ಯೂರ್ ಅವರ ವಾದವನ್ನು ಪೂರ್ತಿ ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಈ ಭಾಗವನ್ನು ಪ್ರತ್ಯಕ್ಷದರ್ಶಿಯ ದಿನಚರಿ ಎಂದು ಬಳಸಬಾರದು. ಮೈಸೂರು ಸೀಮೆಯಲ್ಲಿ ಎರಡು ದಶಕ ಕಳೆದವನು ಸಂಕ್ರಾಂತಿಯನ್ನು ತಮಿಳರ ಹೆಸರಿನಲ್ಲೇ ಗುರುತಿಸುತ್ತಾನೆ. ಎರವಲಿನ ಅನುಮಾನಕ್ಕೆ ಅದೂ ಒಂದು ಪೋಷಕ. ಆದರೆ ಒಂದು ವರ್ಣನೆಯ ಕರ್ತೃ ಯಾರೆಂಬ ಪ್ರಶ್ನೆ ಬೇರೆ, ವರ್ಣಿಸಿದ ಆಚರಣೆ ಒಂದು ಊರಿಗೆ ಸಲ್ಲುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಬೇರೆ. ಇವೆರಡನ್ನೂ ಬೆರೆಸಿದ್ದರಿಂದಲೇ ನಮ್ಮ ಹಿಂಜರಿಕೆ ಅಗತ್ಯಕ್ಕಿಂತ ಹೆಚ್ಚಾಗಿದೆ.

ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನಂಥ ಊರು ಇಲ್ಲಿ ಉಪಯೋಗಕ್ಕೆ ಬರುತ್ತದೆ. ದುಬುವಾ ಕುಂತೂರಿಗೆ ಬಂದಿದ್ದನೆಂದು ನಾನು ವಾದಿಸುತ್ತಿಲ್ಲ. ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರ ಬಾಯಲ್ಲಿ ಸುತ್ತೂರು ಮಠದೊಡನೆ ಕುಂತೂರು ಮಠದ ಹೆಸರೂ ಬರುತ್ತದೆ; ಕನ್ನಡ ಜನಪದ ಭೂಪಟದಲ್ಲಿ ಈ ಊರಿಗೆ ಗಟ್ಟಿ ಸ್ಥಾನವಿದೆ. ಆದರೆ ಆಡಳಿತದ ದೃಷ್ಟಿಯಿಂದ ಕೊಳ್ಳೇಗಾಲ ತಾಲ್ಲೂಕು 1799ರ ಬಳಿಕ ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರ ನವೆಂಬರ್ 1ರವರೆಗೂ ಮದ್ರಾಸಿನ ಭಾಗವಾಗಿಯೇ ಉಳಿಯಿತು. ಪಕ್ಕದ ಯಳಂದೂರು ಮೈಸೂರಿನ ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಹನೂರಿನ ಕಡೆಯ ಮಾರ್ಟಳ್ಳಿಯಲ್ಲಿ ಇಂದಿಗೂ ತಮಿಳು ಮಾತಾಡುವ ಕ್ರೈಸ್ತ ಬೇಸಾಯಗಾರರೇ ಹೆಚ್ಚು. ಕನ್ನಡ, ತಮಿಳು ಎರಡೂ ಪದ್ಧತಿಗಳು ಒಂದೇ ಬೀದಿಯಲ್ಲಿ ಸಾಗುವ ಇಂಥ ಗಡಿಸೀಮೆಯಲ್ಲಿ, ತಮಿಳು ಮೂಲದ ವರ್ಣನೆ ಎಂಬ ಕಾರಣಕ್ಕೆ ಆ ಭಾಗವನ್ನು ತಳ್ಳಿಹಾಕಲು ಬರುವುದಿಲ್ಲ. ಸಾರಿಸಿದ ಅಂಗಳ, ರಂಗೋಲೆಯ ನಡುವೆ ಸಗಣಿಯ ಬೆನಕ, ಅದರ ನೆತ್ತಿಯಲ್ಲಿ ಹಳದಿ ಕುಂಬಳ ಹೂ: ಹಳೆಯ ಮೈಸೂರಿನ ಹಳ್ಳಿಗಳವರಿಗೆ ಧನುರ್ಮಾಸದ ಈ ಬೆಳಗನ್ನು ಯಾವ ಫ್ರೆಂಚ್ ಪಾದ್ರಿಯೂ ಹೇಳಿಕೊಡಬೇಕಾಗಿಲ್ಲ.

ಪತ್ರಗಳ ವಿಷಯ ಬೇರೆ. ಕೊರ್ದು 1779ರಲ್ಲೇ ತೀರಿಕೊಂಡ. 1815ರಿಂದ ಮುಂದಕ್ಕೆ ಬರೆದ, ತನ್ನದೇ ಸೋಲುಗಳ ಲೆಕ್ಕ ಒಪ್ಪಿಸುವ ಪತ್ರಗಳನ್ನು ದುಬುವಾ ಅವನಿಂದ ಎರವಲು ತರುವುದು ಸಾಧ್ಯವೇ ಇರಲಿಲ್ಲ. ಇಪ್ಪತ್ತೈದು ವರ್ಷ ದುಡಿದರೂ, ಒಬ್ಬ ದೇಶೀಯ ಪಾದ್ರಿಯ ನೆರವಿದ್ದರೂ, ತನ್ನಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರಕ್ಕಿಂತ ಹೆಚ್ಚಿಲ್ಲ ಎಂದು ಅವನೇ ಬರೆದುಕೊಂಡಿದ್ದಾನೆ. ಅವನ ಕೆಲಸದ ಬಹುಪಾಲು ಹಳೆಯ ಕ್ರೈಸ್ತ ಕುಟುಂಬಗಳ ಸೇವೆಯಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಇನ್ನೊಂದು ಕಡೆ ಸಂತರ ಉತ್ಸವಗಳನ್ನು ನೆನೆದು ನಾಚಿಕೆಪಡುತ್ತಾನೆ. ರಾತ್ರಿಯ ಹೊತ್ತು ತಮಟೆ, ಕಹಳೆಗಳ ಅಬ್ಬರ. ಲೆಕ್ಕವಿಲ್ಲದ ಪಂಜುಗಳು, ಬಾಣಬಿರುಸು. ಹೂಮಾಲೆ ಹೊತ್ತ ತೇರು, ಅದನ್ನು ಕೂಗುತ್ತ ಎಳೆಯುವ ಜನ. ಪಾದ್ರಿಗೆ ಹಿಡಿಸದಿದ್ದರೂ ಇದು ನಡೆಯುತ್ತಿತ್ತು. ಹಾಗಿದ್ದ ಮೇಲೆ ಉತ್ಸವದ ಯಜಮಾನಿಕೆ ಊರವರ ಕೈಯಲ್ಲಿತ್ತು, ಪಾದ್ರಿಯ ಕೈಯಲ್ಲಿರಲಿಲ್ಲ ಎಂದೇ ನಾನು ಓದುತ್ತೇನೆ. ಈ ಮಾತು ಸಂತರ ಮೆರವಣಿಗೆಗೆ ಸಂಬಂಧಿಸಿದ್ದು, ಕ್ರಿಸ್ಮಸ್ಸಿಗೆ ನೇರವಾಗಿ ಅನ್ವಯಿಸದು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಕ್ಯಾಥೊಲಿಕ್ ಪೂಜೆಯ ಆಡಂಬರ, ವಿಗ್ರಹ, ಉಪವಾಸ, ಮೆರವಣಿಗೆಗಳೇ ಈ ನೆಲದ ಜನರಿಗೆ ಒಗ್ಗುವ ಅಂಶಗಳು ಎಂದು ದುಬುವಾ ವಿವರಣೆ ಕೊಡುತ್ತಾನೆ. ಅನಂತರದ ಬಹಳಷ್ಟು ಬರಹಗಾರರೂ ಅದನ್ನೇ ಮುಂದುವರಿಸಿದ್ದಾರೆ. ಕ್ರಿಸ್ಮಸ್ಸಿನ ಮಟ್ಟಿಗೆ ಈ ವಿವರಣೆ ಸಾಲದು. ಕಾವೇರಿ ಬಯಲಿನ ಹಳ್ಳಿಗಳಲ್ಲಿ ಕ್ರಿಸ್ಮಸ್ ಬೇರೂರಲು ಆಡಂಬರಕ್ಕಿಂತ ಪಂಚಾಂಗ ಹೆಚ್ಚು ನೆರವಾಗಿರಬೇಕು.

ಲೆಕ್ಕ ನೋಡೋಣ. ನಮ್ಮ ಸಂಕ್ರಾಂತಿ ನಿರಯಣ ಗಣನೆಯದು, ಆದ್ದರಿಂದ ಇಂಗ್ಲಿಷ್ ತಾರೀಖಿನ ಮೇಲೆ ಅದು ನಿಧಾನವಾಗಿ ಮುಂದೆ ಸರಿಯುತ್ತ ಬಂದಿದೆ. ವಿವೇಕಾನಂದರು ಹುಟ್ಟಿದ ಮಕರ ಸಂಕ್ರಾಂತಿ 1863ರ ಜನವರಿ 12ರಂದು ಬಿದ್ದಿತ್ತು. ಅದಕ್ಕೂ ಹಿಂದೆ, ದುಬುವಾನ ಕಾಲದಲ್ಲಿ, ಸಂಕ್ರಾಂತಿ ಜನವರಿ 11ರ ಸುಮಾರಿಗೆ, ಧನುರ್ಮಾಸದ ಆರಂಭ ಡಿಸೆಂಬರ್ 13ರ ಆಸುಪಾಸಿಗೆ ಬರುತ್ತಿತ್ತು. ಕ್ರಿಸ್ಮಸ್ ಧನುರ್ಮಾಸದ ಹೆಚ್ಚುಕಡಿಮೆ ನಟ್ಟನಡುವೆ ಬೀಳುತ್ತಿತ್ತು. ಈಗ ಅದು ಹತ್ತನೆಯ ದಿನದ ಹತ್ತಿರಕ್ಕೆ ಬಂದಿದೆ.

ಧನುರ್ಮಾಸ ಶೂನ್ಯಮಾಸ, ಮದುವೆ ಮುಂಜಿ ಇಲ್ಲ. ಕ್ಯಾಥೊಲಿಕರಲ್ಲಿಯೂ 1563ರ ಟ್ರೆಂಟ್ ಮಹಾಸಭೆಯ ಕಟ್ಟಳೆಯಂತೆ ಆಗಮನ ಕಾಲದಿಂದ ಜನವರಿ 6ರ ಮೂರು ರಾಯರ ಹಬ್ಬದವರೆಗೆ ಮದುವೆಯ ಸಂಭ್ರಮ ಆಗ ನಿಷಿದ್ಧವಾಗಿತ್ತು. ಅಂದರೆ ಸುಮಾರು 25 ದಿನಗಳ ಕಾಲ ಗುಡಿಯ ಅರ್ಚಕರೂ ಚರ್ಚಿನ ಗುರುಗಳೂ ಊರಿಗೆ ಒಂದೇ ಮಾತು ಹೇಳುತ್ತಿದ್ದರು. ಒಂದು ಕಡೆ ಸೂರ್ಯೋದಯಕ್ಕೆ ಮುಂಚಿನ ಪೂಜೆ, ಹುಗ್ಗಿಯ ನೈವೇದ್ಯ. ಇನ್ನೊಂದು ಕಡೆ ಕ್ರಿಸ್ಮಸ್ಸಿನ ನಡುರಾತ್ರಿ ಮತ್ತು ಮುಂಜಾವಿನ ಬಲಿಪೂಜೆಗಳು. ಅಂದಿನ ನಿಯಮದಂತೆ ಪೂಜೆ ಸಲ್ಲಿಸುವ ಗುರು ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟುವಂತಿರಲಿಲ್ಲ. ಆ ದಿನ ಮೂರು ಪೂಜೆಗಳಿಗೆ ಅವಕಾಶವಿದ್ದುದರಿಂದ ಕೊನೆಯದು ಮುಗಿಯುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು. ಯೂರೋಪಿನವನಿಗೆ ಅದು ಸೆಕೆಯ ಕ್ರಿಸ್ಮಸ್. ಇಲ್ಲಿಯ ರೈತನಿಗೆ ಅದೇ ವರ್ಷದ ಚಳಿಗಾಲ: ಇಬ್ಬನಿಗೆ ಸೊಗಡು ತುಂಬಿದ ಅವರೆಕಾಯಿ, ಕಣದಲ್ಲಿ ರಾಗಿ, ಕೊಯ್ಲಿಗೆ ಬಂದ ಭತ್ತ. ಹಳೆಯ ಮೈಸೂರು ಕ್ರೈಸ್ತರ ಮನೆಯ ಗೋದಲಿಯಲ್ಲಿ ಬಾಲಯೇಸುವಿನ ಸುತ್ತ ಇಡುವ ಮೊಳಕೆ ರಾಗಿಯ ಹಸಿರು ಪೈರು, ಹಾಸುವ ಹುಲ್ಲು ಈ ಕಣದಿಂದಲೇ ಬಂದವು.

ಈ ವಾದಕ್ಕೆ ಎಲ್ಲೆಗಳಿವೆ. ಹೊಂದಾಣಿಕೆ ಆಕಸ್ಮಿಕ, ಒಂದು ಇನ್ನೊಂದರಿಂದ ಬಂದಿತೆಂದು ನಾನು ಹೇಳುವುದಿಲ್ಲ. ಆಗಮನ ಕಾಲ ಧನುರ್ಮಾಸಕ್ಕಿಂತ ಎರಡು ವಾರ ಮುಂಚೆಯೇ ಶುರುವಾಗುವುದರಿಂದ ಎರಡೂ ಪೂರ್ತಿ ಹೊಂದುವುದಿಲ್ಲ. ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಕ್ರಿಸ್ಮಸ್ ಕುಸ್ವಾರದ ಸಿಹಿಯೊಡನೆ ಬೇರೆಯದೇ ದಾರಿಯಲ್ಲಿ ಬೆಳೆದದ್ದು, ಅದಕ್ಕೆ ಈ ವಿವರಣೆ ಬೇಕಿಲ್ಲ. 1821ರಲ್ಲಿ ಬೆಂಗಳೂರಿಗೆ ಬಂದ ವೆಸ್ಲಿಯನ್ನರ ಕ್ರಿಸ್ಮಸ್ ಕೂಡ ಹೆಚ್ಚಾಗಿ ಶಾಲೆಯ ಸುತ್ತ ಬೆಳೆಯಿತು. ನನ್ನ ಮಾತು ಬಯಲುಸೀಮೆಯ ಬೇಸಾಯಗಾರ ಕ್ಯಾಥೊಲಿಕರಿಗೆ ಮಾತ್ರ, ಅದರಲ್ಲೂ ಹತ್ತೊಂಬತ್ತನೆಯ ಶತಮಾನಕ್ಕೆ ಮಾತ್ರ ಸೀಮಿತ. ಇಷ್ಟು ಕಟ್ಟುಗಳನ್ನು ಹಾಕಿಕೊಂಡ ಮೇಲೂ ಅದು ನಿಲ್ಲುತ್ತದೆ ಎಂಬುದು ನನ್ನ ನಂಬಿಕೆ.

ಇದನ್ನು ಒರೆಗೆ ಹಚ್ಚುವ ದಾರಿಯೂ ಇದೆ. ಮೂರು ರಾಯರ ಹಬ್ಬ ಮುಗಿದ ಜನವರಿ 7ರಿಂದ ಸಂಕ್ರಾಂತಿಯವರೆಗಿನ ನಾಲ್ಕೈದು ದಿನಗಳಲ್ಲಿ ಆಗ ಚರ್ಚು ಮದುವೆಗೆ ಅಡ್ಡಿ ಮಾಡುತ್ತಿರಲಿಲ್ಲ, ಧನುರ್ಮಾಸ ಮಾಡುತ್ತಿತ್ತು. ಆ ದಿನಗಳಲ್ಲಿ ಮದುವೆಗಳು ನಡೆದಿದ್ದರೆ ನನ್ನ ಊಹೆ ದುರ್ಬಲವಾಗುತ್ತದೆ. ಜನ ಸಂಕ್ರಾಂತಿ ಕಳೆಯುವವರೆಗೆ ಕಾದಿದ್ದರೆ ಗಟ್ಟಿಯಾಗುತ್ತದೆ. ಮ್ಯೂರ್ ಅವರು ಪ್ರಕಟಿಸಿದ ಪಾಠದೊಡನೆ ಪೊಂಗಲ್ ಭಾಗವನ್ನು ಸಾಲು ಸಾಲಾಗಿ ಹೋಲಿಸುವ ಕೆಲಸ ಫ್ರೆಂಚ್ ಬಲ್ಲ ಕನ್ನಡಿಗರಿಗಾಗಿ ಕಾದಿದೆ. ಶ್ರೀರಂಗಪಟ್ಟಣ, ಕೊಳ್ಳೇಗಾಲ, ಹನೂರು ಕಡೆಯ ಚರ್ಚುಗಳಲ್ಲಿ ಹಳೆಯ ಮದುವೆ ದಾಖಲೆ ಪುಸ್ತಕಗಳನ್ನು ಕಾಪಾಡಿಕೊಂಡಿರುವ ಗುರುಗಳು ಅವುಗಳ ಜನವರಿ ಪುಟಗಳನ್ನು ಸಂಶೋಧಕರಿಗೆ ತೆರೆದು ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.