ತಪ್ಪಾಗಿ ಓದಿದ ಬಟ್ಟೆ, ವಿಳಾಸ ತಪ್ಪಿದ ಕೋಟು

ನಾರ್ಫೋಕ್‌ನ ಡ್ಯೂಕ್ ಮನೆತನದ ಕೋಟೆ ಇರುವುದು ನಾರ್ಫೋಕ್ ಜಿಲ್ಲೆಯಲ್ಲಲ್ಲ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಸೆಕ್ಸ್‌ನಲ್ಲಿ, ಅರುಂಡೆಲ್ ಎಂಬ ಊರಿನಲ್ಲಿ. ನಾರ್ಫೋಕ್‌ನಲ್ಲಿ ಸಾವಿರಾರು ಎಕರೆ ಜಮೀನು ಇಟ್ಟುಕೊಂಡು ಹೋಕಮ್ ಹಾಲ್ ಎಂಬ ಮಹಲಿನಲ್ಲಿ ತಲೆಮಾರುಗಳಿಂದ ಕೂತವರು ಲೆಸ್ಟರ್‌ನ ಅರ್ಲ್‌ಗಳು. ಲೆಸ್ಟರ್ ಊರು ಬೇರೆಯೇ ಜಿಲ್ಲೆಗೆ ಸೇರಿದ್ದು. ಊರೊಂದು ಕಡೆ, ಬಿರುದೊಂದು ಕಡೆ. ಬ್ರಿಟಿಷ್ ಬಿರುದುಗಳ ಈ ಗೋಜಲು ಅವರ ಮನೆಯ ವಿಚಾರ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಒಂದು ಕೋಟಿನ ಹೆಸರು ಅದರೊಳಗೆ ಸಿಕ್ಕಿಕೊಂಡು ನೂರೈವತ್ತು ವರ್ಷವಾದರೂ ಬಿಡಿಸಿಕೊಂಡಿಲ್ಲ.

ಅದು ನಾರ್ಫೋಕ್ ಜಾಕೆಟ್. ಒರಟು ಉಣ್ಣೆಯ ಟ್ವೀಡ್ ಬಟ್ಟೆ, ನಡುವಿಗೆ ಅದೇ ಬಟ್ಟೆಯ ಬೆಲ್ಟು, ಎದೆಯ ಎರಡೂ ಬದಿಯಲ್ಲಿ ಹೆಗಲಿನಿಂದ ಕೆಳಗಿನ ಅಂಚಿನವರೆಗೆ ಇಳಿಯುವ ಬಾಕ್ಸ್ ಪ್ಲೀಟು (ನಮ್ಮ ಶಾಲೆಯ ಹುಡುಗಿಯರ ಯೂನಿಫಾರ್ಮಿನಲ್ಲಿ ಇರುವಂಥದೇ ನೆರಿಗೆ), ಬೆನ್ನ ಮೇಲೂ ಅಂಥದೇ ಒಂದೋ ಎರಡೋ, ಕೆಳಗೆ ದೊಡ್ಡ ಜೇಬುಗಳು. ಇಂಗ್ಲಿಷ್ ಜಮೀನ್ದಾರರ ಕಥೆ ಹೇಳುವ ಸಿನಿಮಾಗಳಲ್ಲಿ ಕೋವಿ ಹಿಡಿದು ನಾಯಿಯ ಹಿಂದೆ ಹೊಲದಲ್ಲಿ ನಡೆಯುವ ಯಜಮಾನರ ಮೈಮೇಲೆ ಇದನ್ನು ನೀವು ನೋಡಿಯೇ ಇರುತ್ತೀರಿ.

ಹೆಸರಿನ ಮೇಲೆ ಮೂರು ಕಡೆಯಿಂದ ಹಕ್ಕುಸಾಧನೆ ನಡೆದಿದೆ. ಡ್ಯೂಕ್ ಒಬ್ಬರು ಬೇಟೆಗೆ ಹೀಗೊಂದು ಕೋಟು ಹೊಲಿಸಿದರು, ಅವರ ಬಿರುದೇ ಅದಕ್ಕೆ ಬಂತು ಎಂಬುದು ಒಂದು ಮಾತು. ಹೋಕಮ್ ಜಮೀನಿನ ಬೇಟೆಯಲ್ಲೇ ಇದು ಹುಟ್ಟಿತು, ಆದ್ದರಿಂದ ಜಿಲ್ಲೆಯ ಹೆಸರು ಎಂಬುದು ಇನ್ನೊಂದು. ಮೂರನೆಯದರಲ್ಲಿ ಯುವರಾಜ ಎಡ್ವರ್ಡ್ ಬರುತ್ತಾನೆ. 1862ರಲ್ಲಿ ಅವನಿಗಾಗಿ ಕೊಂಡ ಸ್ಯಾಂಡ್ರಿಂಗಮ್ ಎಸ್ಟೇಟು ಕೂಡ ನಾರ್ಫೋಕ್‌ನಲ್ಲೇ ಇದೆ. ಅವನು ತೊಟ್ಟದ್ದನ್ನೆಲ್ಲ ಊರಿಗೆ ಊರೇ ಹೊಲಿಸಿಕೊಳ್ಳುತ್ತಿದ್ದ ಕಾಲ ಅದು. ನನ್ನ ಓಟು ಜಿಲ್ಲೆಗೆ. ಹೋಕಮ್‌ನವರಿಗೆ ಬೇಟೆಯ ಉಡುಪಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಭ್ಯಾಸ ಮೊದಲಿನಿಂದಲೂ ಇತ್ತು. 1849ರಲ್ಲಿ ಆ ಮನೆತನದ ಎಡ್ವರ್ಡ್ ಕೋಕ್ ತಮ್ಮ ಬೇಟೆಗಾವಲಿನವರ ತಲೆಗೆ ಮರದ ಕೊಂಬೆ ಬಡಿಯದಂತೆ ಗಟ್ಟಿ ಗುಂಡು ಟೋಪಿ ಮಾಡಿಕೊಡಿ ಎಂದು ಲಂಡನ್ನಿನ ಲಾಕ್ ಅಂಗಡಿಗೆ ಹೇಳಿದರು. ಅದನ್ನು ಮಾಡಿದ ಕುಶಲಕರ್ಮಿಗಳ ಮನೆಹೆಸರು ಬೌಲರ್. ಲೋಕವೆಲ್ಲ ಬೌಲರ್ ಹ್ಯಾಟ್ ಎಂದಿತು; ಹೇಳಿ ಮಾಡಿಸಿದವರ ಹೆಸರು ಆ ಅಂಗಡಿಯೊಳಗಷ್ಟೇ ಉಳಿಯಿತು. ಮಾಡಿಸಿದವರೊಬ್ಬರು, ಹೆಸರು ಇನ್ನೊಬ್ಬರದು ಎನ್ನುವುದು ಆ ಮನೆಗೆ ಹೊಸತಲ್ಲ.

ನಾರ್ಫೋಕ್ ಎಂಬ ಮಾತಿನ ಮೂಲ ಮಾತ್ರ ಸರಳ. ಪೂರ್ವ ಇಂಗ್ಲೆಂಡಿನ ಆಂಗ್ಲರಲ್ಲಿ ಬಡಗಣ ಜನ ನಾರ್ತ್ ಫೋಕ್, ತೆಂಕಣ ಜನ ಸೌತ್ ಫೋಕ್. ಸಫೋಕ್ ಎಂಬ ಪಕ್ಕದ ಜಿಲ್ಲೆ ಈ ಎರಡನೆಯವರದು. ಜನರ ಹೆಸರು ನೆಲಕ್ಕೆ ಬಂತು, ನೆಲದ ಹೆಸರು ಬಿರುದಿಗೆ ಹೋಯಿತು, ಕೊನೆಗೆ ಕೋಟಿಗೆ ಇಳಿಯಿತು.

ಕೋಟಿಗೆ ಆ ನೆರಿಗೆ, ಬೆಲ್ಟು ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಕೋವಿಯಲ್ಲಿದೆ. ಹಳೆಯ ಕೋವಿಗೆ ನಳಿಗೆಯ ಬಾಯಿಂದ ಮದ್ದು ತುಂಬಿ ಗಜದಿಂದ ಜಡಿಯಬೇಕಿತ್ತು. ಬೇಟೆಗಾರ ನಡೆಯುತ್ತ ಹೋಗಿ, ಹಕ್ಕಿ ಎದ್ದಾಗ ಒಂದು ಈಡು ಹೊಡೆದು, ಮತ್ತೆ ನಿಂತು ತುಂಬುತ್ತಿದ್ದ. 1850ರ ಈಚೆಗೆ ಹಿಂದಿನಿಂದ ತೋಟಾ ತುಂಬುವ ಕೋವಿ ಹಬ್ಬಿದಂತೆ ಬೇಟೆಯ ರೀತಿಯೇ ಬದಲಾಯಿತು. ಆಳುಗಳು ಪೊದೆ ಬಡಿದು ಹಕ್ಕಿಗಳನ್ನು ಎಬ್ಬಿಸಿ ಯಜಮಾನರ ತಲೆಯ ಮೇಲೆ ಹಾಯಿಸುತ್ತಿದ್ದರು. ಯಜಮಾನರು ಸಾಲಾಗಿ ನಿಂತು ಆಕಾಶಕ್ಕೆ ಕೋವಿ ಎತ್ತಿ ಎಡೆಬಿಡದೆ ಹೊಡೆಯುತ್ತಿದ್ದರು. ಮೈಗಂಟಿದ ಕೋಟು ತೊಟ್ಟು ಎರಡೂ ತೋಳು ಹಾಗೆ ಎತ್ತಿದರೆ ಕಂಕುಳು ಕಚ್ಚುತ್ತದೆ, ಬೆನ್ನು ಬಿಗಿಯುತ್ತದೆ. ಸಡಿಲ ಕೋಟಾದರೆ ಹೆಗಲಲ್ಲಿ ಮಡಿಕೆ ಬಿದ್ದು ಕೋವಿಯ ಹಿಡಿ ಸಿಕ್ಕಿಕೊಳ್ಳುತ್ತದೆ. ನೆರಿಗೆ ಈ ಜಗಳ ಬಗೆಹರಿಸಿತು: ತೋಳು ಎತ್ತಿದಾಗ ಬಿಚ್ಚಿಕೊಂಡು ಬಟ್ಟೆ ಕೊಡುತ್ತದೆ, ಇಳಿಸಿದಾಗ ಮಡಚಿ ಕೂರುತ್ತದೆ. ಅಷ್ಟೂ ಬಟ್ಟೆಯನ್ನು ಜಾಗಕ್ಕೆ ಹಿಡಿದಿಡುವುದು ಬೆಲ್ಟಿನ ಕೆಲಸ. ಜೇಬು ದೊಡ್ಡದಾದದ್ದು ತೋಟಾಗಳಿಗಾಗಿ.

ಮೊದಮೊದಲು ಇದನ್ನು ನಾರ್ಫೋಕ್ ಶರ್ಟ್ ಎಂದೂ ಕರೆದರು. ಜಾಕೆಟ್ ಎಂಬ ಹೆಸರು ಗಟ್ಟಿಯಾದದ್ದು 1880ರ ಸುಮಾರಿಗೆ. ಜಾಕೆಟ್ ಅಷ್ಟೊತ್ತಿಗಾಗಲೇ ಇಂಗ್ಲಿಷಿನಲ್ಲಿ ನಾಲ್ಕು ಶತಮಾನ ಕಂಡ ಮಾತು. ಫ್ರೆಂಚಿನ ಜಾಕ್ ಎಂಬ ಗಿಡ್ಡ ಅಂಗಿಯ ಕಿರುರೂಪ ಜಾಕೆತ್. ಫ್ರಾನ್ಸಿನ ರೈತನನ್ನು ಮೇಲ್ವರ್ಗದವರು ಹಗುರವಾಗಿ ಕರೆಯುತ್ತಿದ್ದ ಝಾಕ್ ಎಂಬ ಹೆಸರಿನಿಂದ ಅದು ಬಂತು ಎಂದು ಹಲವರ ಊಹೆ. 1358ರಲ್ಲಿ ಅಲ್ಲಿ ರೈತರು ದಂಗೆ ಎದ್ದಾಗ ಅದನ್ನು ಝಾಕರಿ ಎಂದರು. ಊಹೆ ನಿಜವಾದರೆ, ರೈತನ ಗಿಡ್ಡ ಅಂಗಿಯ ಹೆಸರನ್ನು ಡ್ಯೂಕರೂ ಯುವರಾಜರೂ ಬೇಟೆಗೆ ತೊಟ್ಟರು ಎಂದಾಗುತ್ತದೆ.

ಅದೇ ಮಾತು ಇಲ್ಲಿಗೂ ಬಂತು. ಹಳೇ ಮೈಸೂರಿನ ಕಡೆ ಅಜ್ಜಿಯಂದಿರ ಬಾಯಲ್ಲಿ ಜಾಕೀಟು ಅಂದರೆ ರವಿಕೆ. ಧಾರವಾಡದ ಕಡೆ ಅದೇ ರವಿಕೆ ಜಂಪರು. ಇಂಗ್ಲಿಷಿನ ಜಂಪರ್ ಮೊದಲು ದುಡಿಯುವವರ ಸಡಿಲ ಮೇಲಂಗಿಯಾಗಿತ್ತು, ಈಗ ಬ್ರಿಟನ್ನಿನಲ್ಲಿ ಅದು ಸ್ವೆಟರು. ಅದರ ಮೂಲ ಫ್ರೆಂಚಿನ ಝೂಪ್, ಆ ಝೂಪ್‌ನ ಮೂಲ ಅರಬಿಯ ಜುಬ್ಬ ಎಂದು ನಿಘಂಟುಕಾರರು ಅನುಮಾನದಿಂದಲೇ ಹೇಳುತ್ತಾರೆ. ಅನುಮಾನ ನಿಜವಾದರೆ ನಮ್ಮಲ್ಲಿ ಗಂಡನ ಜುಬ್ಬ, ಹೆಂಡತಿಯ ಜಂಪರು ಒಂದೇ ಮನೆತನದವು, ಬೇರೆ ಬೇರೆ ಹಡಗಿನಲ್ಲಿ ಬಂದಿಳಿದವು. ಇದು ದಾರಿ ಬಿಟ್ಟ ಮಾತು. ಟ್ವೀಡ್‌ಗೆ ಬರೋಣ, ಸ್ವಾರಸ್ಯವೆಲ್ಲ ಇರುವುದು ಅಲ್ಲಿ.

ಸ್ಕಾಟ್ಲೆಂಡಿನ ದಕ್ಷಿಣದಲ್ಲಿ, ಇಂಗ್ಲೆಂಡಿನ ಗಡಿಗೆ ತಾಗಿದಂತೆ, ಟ್ವೀಡ್ ಎಂಬ ನದಿ ಹರಿಯುತ್ತದೆ. ಬಟ್ಟೆಗೆ ಆ ನದಿಯಿಂದಲೇ ಹೆಸರು ಬಂತೆಂದು ನಂಬಿದವರು ಬಹಳ. ಆ ಸೀಮೆಯ ನೇಕಾರರು ತಮ್ಮ ಬಟ್ಟೆಯನ್ನು ಟ್ವೀಲ್ ಎನ್ನುತ್ತಿದ್ದರು. ಇಂಗ್ಲಿಷಿನ ಟ್ವಿಲ್‌ಗೆ ಸ್ಕಾಟರ ಉಚ್ಚಾರ ಅದು. 1830ರ ಆಸುಪಾಸಿನಲ್ಲಿ ಹಾಯಿಕ್ ಊರಿನ ನೇಯ್ಗೆಯವರಿಂದ ಲಂಡನ್ನಿನ ಬಟ್ಟೆ ವ್ಯಾಪಾರಿಗೆ ಟ್ವೀಲ್ ಬಗ್ಗೆ ಒಂದು ಪತ್ರ ಹೋಯಿತಂತೆ, ಕೈಬರಹ ತಿಳಿಯದೆ ವ್ಯಾಪಾರಿ ಅದನ್ನು ಟ್ವೀಡ್ ಎಂದು ಓದಿದನಂತೆ, ಹಾಗೆಯೇ ಮಾರಿದನಂತೆ. ಈ ‘ಅಂತೆ’ಗಳನ್ನು ಪತ್ರದವರೆಗೆ ಇಟ್ಟುಕೊಳ್ಳಿ, ಟ್ವೀಲ್ ತಪ್ಪಾಗಿ ಟ್ವೀಡ್ ಆಯಿತೆಂಬುದನ್ನು ನಿಘಂಟುಗಳು ಒಪ್ಪುತ್ತವೆ. ಹಾಯಿಕ್ ಟ್ವೀಡ್ ದಂಡೆಯ ಮೇಲಿಲ್ಲ ಎಂಬುದು ಇನ್ನೊಂದು ತಮಾಷೆ. ಅದು ಟ್ವೀಡ್‌ಗೆ ಸೇರುವ ಟೀವಿಯಟ್ ಎಂಬ ಉಪನದಿಯ ಊರು.

ತಪ್ಪು ಓದುಗಳು ದಿನಕ್ಕೆ ಸಾವಿರ ಆಗುತ್ತವೆ, ಮರುದಿನ ತಿದ್ದಿಹೋಗುತ್ತವೆ. ಇದೊಂದು ಯಾಕೆ ಉಳಿಯಿತು? ಅದಕ್ಕೆ ವಾಲ್ಟರ್ ಸ್ಕಾಟ್ ಕಾರಣವೆಂದು ನನಗೆ ಅನ್ನಿಸುತ್ತದೆ. ಟ್ವೀಡ್ ದಂಡೆಯ ಆಬಟ್ಸ್‌ಫರ್ಡ್‌ನಲ್ಲಿ ಮನೆ ಕಟ್ಟಿಕೊಂಡು ಆತ ಬರೆದ ಕಾದಂಬರಿಗಳನ್ನು ಓದಿ ಲಂಡನ್ನಿಗೆ ಸ್ಕಾಟ್ಲೆಂಡಿನ ಹುಚ್ಚು ಹಿಡಿದಿತ್ತು. ಟ್ವೀಲ್ ಎಂದರೆ ಗಿರಾಕಿಗೆ ಬರೀ ನೇಯ್ಗೆಯ ಒಂದು ಬಗೆ. ಟ್ವೀಡ್ ಎಂದರೆ ಗುಡ್ಡ, ಮಂಜು, ಹೊಳೆ. ಯಾವ ವ್ಯಾಪಾರಿ ಇಂಥ ತಪ್ಪನ್ನು ತಿದ್ದುತ್ತಾನೆ?

ಕಳೆದುಹೋದ ಟ್ವೀಲ್ ಬಡಪಾಯಿ ಮಾತೇನೂ ಅಲ್ಲ. ನೇಯುವಾಗ ಹೊಕ್ಕಿನ ನೂಲು ಹಾಸಿನ ಎರಡೆಳೆ ಹಾರಿ ಎರಡೆಳೆಯ ಕೆಳಗೆ ಹೋಗಿ, ಪ್ರತಿ ಸಾಲಿನಲ್ಲೂ ಒಂದೆಳೆ ಪಕ್ಕಕ್ಕೆ ಸರಿದರೆ ಬಟ್ಟೆಯ ಮೇಲೆ ಓರೆಗೆರೆ ಮೂಡುತ್ತದೆ. ಅದು ಟ್ವಿಲ್, ಜೀನ್ಸ್ ಪ್ಯಾಂಟನ್ನು ಹತ್ತಿರ ಹಿಡಿದರೂ ಆ ಓರೆ ಕಾಣುತ್ತದೆ. ರೋಮನ್ನರು ಇಂಥ ಬಟ್ಟೆಯನ್ನು ಬಿಲಿಕ್ಸ್, ಅಂದರೆ ಎರಡೆಳೆಯದು ಎಂದರು. ಹಳೆಯ ಇಂಗ್ಲಿಷಿನವರು ಅದರ ಮೊದಲರ್ಧವನ್ನು ತಮ್ಮ ಮಾತಿಗೆ ತಿರುಗಿಸಿ ಟ್ವಿಲಿಕ್ ಎಂದರು. ಆ ‘ಟ್ವಿ’ ಮತ್ತು ಸಂಸ್ಕೃತದಿಂದ ನಮ್ಮಲ್ಲಿಗೆ ಬಂದ ‘ದ್ವಿ’ ಒಂದೇ ಬೇರಿನವು. ನದಿಯ ಹೆಸರಿಗೂ ಆ ಬೇರಿಗೂ ನಂಟಿಲ್ಲ. ವ್ಯಾಪಾರಿಯ ಕಣ್ಣು ಒಂದಕ್ಷರ ತಪ್ಪದಿದ್ದರೆ ಬಟ್ಟೆಯ ಹೆಸರಲ್ಲಿ ಬಟ್ಟೆಯ ಕಸುಬು ಉಳಿದಿರುತ್ತಿತ್ತು.

ಇಷ್ಟಾಗಿ, ಟ್ವೀಡ್‌ಗಳಲ್ಲೆಲ್ಲ ಹೆಸರಾದದ್ದು ಆ ನದಿಯಿಂದ ಬಹುದೂರ, ವಾಯವ್ಯದ ಕಡಲಾಚೆಯ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ. ಅಲ್ಲಿನ ಗೇಲಿಕ್ ಮಾತಿನಲ್ಲಿ ಅದು ಟ್ವೀಡೂ ಅಲ್ಲ, ಟ್ವೀಲೂ ಅಲ್ಲ. ಕ್ಲೋ ಮೋರ್, ದೊಡ್ಡ ಬಟ್ಟೆ. ಕಲ್ಲಿನ ಮೇಲೆ ಬೆಳೆಯುವ ಕಲ್ಲುಹೂವಿನ ಜಾತಿಯ ಕ್ರೊಟಲ್ ಕೆರೆದು ಉಣ್ಣೆಯ ಜೊತೆ ಕುದಿಸಿದರೆ ಕೆಂಗಂದು ಬಣ್ಣ. ನೇಯ್ದ ಬಟ್ಟೆಯನ್ನು ಹಳಸಿದ ಮೂತ್ರದಲ್ಲಿ ನೆನೆಸಿ, ಹೆಂಗಸರು ಉದ್ದದ ಹಲಗೆಯ ಸುತ್ತ ಕೂತು, ಹಾಡಿನ ಲಯಕ್ಕೆ ಬಡಿದು ಬಡಿದು ದಪ್ಪ ಮಾಡುತ್ತಿದ್ದರು. ಜಮೀನ್ದಾರರ ಬೈಠಕ್ಕಿನಲ್ಲಿ ಈ ಕೊನೆಯ ವಿವರವನ್ನು ಯಾರೂ ಹೇಳಿರಲಿಕ್ಕಿಲ್ಲ. 1846ರಲ್ಲಿ ಆ ದ್ವೀಪಗಳ ಪೈಕಿಯ ಹ್ಯಾರಿಸ್‌ನ ಒಡತಿ ಲೇಡಿ ಡನ್‌ಮೋರ್ ತಮ್ಮ ಮನೆತನದ ಚೌಕಳಿಯನ್ನು ಈ ಬಟ್ಟೆಯಲ್ಲಿ ನೇಯಿಸಿ ತಮ್ಮ ಬಳಗಕ್ಕೆ ಪರಿಚಯಿಸಿದರು. ಬೇಟೆಯ ಉಡುಪಿಗೆ ಅದು ಹಬ್ಬಿತು. ಹಬ್ಬಿದ ಹಿಂದೆಯೇ ನಕಲು ಬಂತು. 1909ರಲ್ಲಿ ಸಂಘ ಕಟ್ಟಿ, ಗೋಳದ ಮೇಲೆ ಶಿಲುಬೆ ಇರುವ ಮುದ್ರೆ ಪಡೆದರು. 1993ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆಯನ್ನೇ ಮಾಡಿತು: ಅಪ್ಪಟ ಹೊಸ ಉಣ್ಣೆಯನ್ನು ಆ ದ್ವೀಪಗಳಲ್ಲೇ ಬಣ್ಣ ಕಟ್ಟಿ ನೂತು, ದ್ವೀಪದವರು ತಮ್ಮ ಮನೆಯಲ್ಲೇ ಕೈಯಿಂದ ನೇಯ್ದು, ದ್ವೀಪದಲ್ಲೇ ಹದ ಮಾಡಿದ್ದು ಮಾತ್ರ ಹ್ಯಾರಿಸ್ ಟ್ವೀಡ್. ಬರೀ ಟ್ವೀಡ್ ಎಂದು ಯಾರು ಏನನ್ನು ಬೇಕಾದರೂ ಮಾರಬಹುದು. ಮುಂದೆ ಹ್ಯಾರಿಸ್ ಬಂದರೆ ಕಾನೂನು ಎದ್ದು ನಿಲ್ಲುತ್ತದೆ.

ನಾರ್ಫೋಕ್‌ಗೆ ಅಂಥ ಕಾವಲುಗಾರರಿಲ್ಲ. ಸೈಕಲ್ಲು ಬಂದಾಗ ಸೈಕಲ್ಲಿನವರು ಅದನ್ನು ತೊಟ್ಟರು, ಬೆಟ್ಟ ಹತ್ತುವವರು ತೊಟ್ಟರು, ಹೆಂಗಸರು ತೊಟ್ಟರು, ಅಮೆರಿಕದಲ್ಲಿ ಶಾಲೆಯ ಹುಡುಗರಿಗೆ ಹೊಲಿಸಿದರು. ಅದರ ಜೊತೆ ಮೊಣಕಾಲಿನ ಕೆಳಗೆ ಗುಂಡಿ ಹಾಕುವ ಚಡ್ಡಿ, ನಿಕರ್‌ಬಾಕರ್ಸ್. 1809ರಲ್ಲಿ ನ್ಯೂಯಾರ್ಕಿನ ಹಾಸ್ಯ ಇತಿಹಾಸ ಬರೆದ ವಾಷಿಂಗ್ಟನ್ ಇರ್ವಿಂಗ್ ತನಗೆ ಇಟ್ಟುಕೊಂಡ ಡಚ್ ಹುಸಿಹೆಸರಿನ ಪಳೆಯುಳಿಕೆ ಅದು. ನಮ್ಮ ಮಕ್ಕಳು ತೊಡುವ ನಿಕ್ಕರು ಅದರ ಮೊಟಕು.

1930ರ ದಶಕದ ಅಮೆರಿಕದಲ್ಲಿ ಮುಂದಿನ ನೆರಿಗೆ ಮಾಯವಾಯಿತು, ಬೆಲ್ಟು ಬೆನ್ನಿನ ಅರ್ಧಪಟ್ಟಿಯಾಗಿ ಉಳಿಯಿತು. ಮನೆಗೆ ಹೀಟರು, ಓಡಾಟಕ್ಕೆ ಕಾರು ಬಂದ ಮೇಲೆ ದಪ್ಪ ಟ್ವೀಡೂ ಬೇಡವಾಯಿತು. ಹಳೆಯ ಬೇಟೆಕೋಟಿನ ಬಟ್ಟೆ ಗಜಕ್ಕೆ ಅರ್ಧ ಕಿಲೋ ಮೀರಿ ತೂಗುತ್ತಿತ್ತು. ಇಂದಿನ ಜಾಕೆಟ್ ಬಟ್ಟೆ ಬಹುಪಾಲು ಮುನ್ನೂರು, ಮುನ್ನೂರೈವತ್ತು ಗ್ರಾಮಿನದು. 2009ರಲ್ಲಿ ಲಂಡನ್ನಿನಲ್ಲಿ ಟ್ವೀಡ್ ರನ್ ಎಂಬ ಸೈಕಲ್ ಸವಾರಿ ಶುರುವಾಗಿ, ಹಳೆಯ ಉಡುಪಿನ ಒಲವು ಹಬ್ಬಿದಂತೆ ನಾರ್ಫೋಕ್ ಮತ್ತೆ ಅಂಗಡಿಗೆ ಬಂತು. ಹೊಲಿಯುವವರಲ್ಲಿ ಎರಡು ಪಂಗಡ. ಒಂದು ಪಂಗಡದವರು 1890ರ ದಶಕದಲ್ಲಿ ವಿನ್ಸೆಂಟ್ ಎಂಬಾತ ಬರೆದ ಬಟ್ಟೆ ಕತ್ತರಿಸುವ ಕೈಪಿಡಿಯಂಥ ಪುಸ್ತಕಗಳನ್ನು ಬಿಚ್ಚಿಟ್ಟು, ಹಳೆಯ ಅಳತೆಯನ್ನು ಇಂದಿನ ಮೈಗೆ ಹೊಂದಿಸಿ, ಭಾರದ ಬಟ್ಟೆ ಹುಡುಕಿ ತಂದು ಹೊಲಿಯುತ್ತಾರೆ. ಇನ್ನೊಂದು ಪಂಗಡದವರು ಮಾಮೂಲಿ ಕೋಟಿನ ಎದೆಯ ಮೇಲೆ ಎರಡು ಪಟ್ಟಿ ಹೊಲಿದು ಬೆಲ್ಟು ಸುತ್ತುತ್ತಾರೆ; ಆ ಪಟ್ಟಿಯ ಕೆಳಗೆ ಬಿಚ್ಚಿಕೊಳ್ಳುವ ಬಟ್ಟೆಯೇ ಇರುವುದಿಲ್ಲ. ಪಟ್ಟಿಯಷ್ಟೇ ಹೊಲಿದ ಕೋಟುಗಳು ಹಿಂದೆಯೂ ಇದ್ದವು, ಆದ್ದರಿಂದ ಇದನ್ನು ಮೋಸ ಎನ್ನಲಾರೆ, ಸೋಮಾರಿತನ ಎನ್ನುತ್ತೇನೆ. ಮಾರಾಟದ ಚೀಟಿಯ ಮೇಲೆ ಎರಡಕ್ಕೂ ಒಂದೇ ಹೆಸರು. ‘ನಾರ್ಫೋಕ್ ಸ್ಟೈಲ್’ ಎಂದಿದ್ದರೆ ಬೆನ್ನ ಮೇಲೆ ಅರ್ಧ ಬೆಲ್ಟು ಬಿಟ್ಟು ಬೇರೇನೂ ಇಲ್ಲದಿರಬಹುದು.

ಕೊಳ್ಳುವ ಮನಸ್ಸಿದ್ದವರು ಚೀಟಿ ಬಿಟ್ಟು ಕೋಟು ತೊಟ್ಟು ನೋಡುವುದೇ ವಾಸಿ. ಗುಂಡಿ ಹಾಕಿ, ಬೆಲ್ಟು ಕಟ್ಟಿ, ಎರಡೂ ತೋಳನ್ನು ಕೋವಿ ಹಿಡಿದಂತೆ ಆಕಾಶಕ್ಕೆ ಎತ್ತಿ. ಬೆನ್ನಿನ ನೆರಿಗೆ ಬಿಚ್ಚಿಕೊಂಡು, ಬೆಲ್ಟು ನಡುವಿನಲ್ಲೇ ಕೂತು, ಕಂಕುಳು ಕಚ್ಚದೆ ಇದ್ದರೆ ಅದು ನಾರ್ಫೋಕ್. ಕೋಟಿಗೆ ಕೋಟೇ ಮೇಲೆದ್ದು ಕಾಲರು ಕಿವಿ ಮುಟ್ಟಿದರೆ, ದುಡ್ಡು ವಾಪಸು ಜೇಬಿಗಿಡಿ.