ಷಟ್ಪದಿ

ಷಟ್ಪದಿ ಎಂಬುದು ಸಂಸ್ಕೃತದ ‘ಷಟ್’ (ಆರು) ಮತ್ತು ‘ಪದ’ (ಕಾಲು) ಕೂಡಿ ಆದ ಪದವಾಗಿದ್ದು, ಹಿಂದೆ ‘ಷಟ್ಪದ’ ಎಂಬ ರೂಪದಲ್ಲಿ ದುಂಬಿಯನ್ನೂ ಛಂದಸ್ಸಿನಲ್ಲಿ ಆರು ಸಾಲಿನ ಪದ್ಯವನ್ನೂ ಸೂಚಿಸುತ್ತಿದ್ದು, ಇಂದು ಜೀವಶಾಸ್ತ್ರದಲ್ಲಿ ಕೀಟಗಳಿಗೆಲ್ಲ ಹೆಸರಾಗಿದೆ. ಹಳಗನ್ನಡವು ದುಂಬಿಯನ್ನು ‘ಆಱಡಿ’ ಎಂದೂ ತಮಿಳು ‘ಅಱುಕಾಲ್’ ಎಂದೂ ಕರೆದವು. ಇದೇ ಅರ್ಥ ಕೊಡುವ, ಗ್ರೀಕ್ ಮೂಲದ ಶಾಸ್ತ್ರೀಯ ಹೆಸರಾದ ‘ಹೆಕ್ಸಾಪೋಡ’ದ ಎರಡೂ ಭಾಗಗಳು ಷಟ್, ಪದ ಎಂಬವುಗಳಿಗೆ ಸೋದರ ರೂಪಗಳೇ ಆಗಿವೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ಅರೇಬಿಕಾ ಕಾಫಿ ಗಿಡಗಳನ್ನು ಒಣಗಿಸುವ ಬಿಳಿ ಕಾಂಡಕೊರಕ ಎಂಬ ಕೀಟದ ದೇಹದಲ್ಲಿ ಈ ಪದದ ಅರ್ಥ ಸ್ಪಷ್ಟವಾಗುತ್ತದೆ: ಕುಡಿಮೀಸೆ, ಕಣ್ಣು, ದವಡೆಗಳು ತಲೆಯಲ್ಲಿದ್ದರೆ, ಮೂರು ಖಂಡಗಳ ಎದೆಯಲ್ಲಿ ಖಂಡಕ್ಕೊಂದು ಜೊತೆಯಂತೆ ಆರು ಕಾಲುಗಳೂ, ಹಿಂದಿನ ಎರಡು ಖಂಡಗಳಲ್ಲಿ ರೆಕ್ಕೆಗಳೂ ಇದ್ದು, ಹೊಟ್ಟೆಯು ಜೀರ್ಣಾಂಗ ಹಾಗೂ ಜನನಾಂಗಗಳನ್ನು ಒಳಗೊಂಡಿರುತ್ತದೆ. ಕಾಂಡದೊಳಗೆ ಸುರಂಗ ಕೊರೆಯುವ ಇದರ ಮರಿಹುಳು ಕಾಲಿಲ್ಲದಂತೆ ಕಂಡರೂ ಷಟ್ಪದಿಯೇ. ಅದೇ ತೋಟದ ಕೆಂಪು ನುಸಿಗೂ ಜೇಡಕ್ಕೂ ಎಂಟು ಕಾಲುಗಳಿರುವುದರಿಂದ ಅವುಗಳನ್ನು ಹಾಗೆ ಕರೆಯುವುದು ನಿಶ್ಚಯವಾಗಿಯೂ ತಪ್ಪು. ವಿಚಿತ್ರವೆಂದರೆ, ಆರು ಕಾಲಿನ ಈ ಕಾಂಡಕೊರಕದ ಶಾಸ್ತ್ರೀಯ ಹೆಸರಿನಲ್ಲಿರುವ ‘ಕ್ವಾಡ್ರಿಪೆಸ್’ ಎಂಬ ಲ್ಯಾಟಿನ್ ಪದಕ್ಕೆ ನಾಲ್ಕು ಕಾಲಿನದು ಎಂದು ಅರ್ಥ.