ಬಸ್ಸಾರಿನ ಚರಿತ್ರೆ

ಅರಸರ ಯುದ್ಧಗಳಿಗೆ ತೇದಿಗಳಿವೆ. ಅವರು ಕೊಟ್ಟ ದತ್ತಿಗಳಿಗೆ ಶಾಸನಗಳಿವೆ. ಆದರೆ ಆ ಕಾಲದ ಒಕ್ಕಲು ಮಗಳು ಹೊಲದಿಂದ ಹೊತ್ತು ಮುಳುಗುವಾಗ ಹಿಂದಿರುಗಿ ಒಲೆಯ ಮೇಲೆ ಏನನ್ನಿಟ್ಟಳೆಂದು ಕೇಳಿ ನೋಡಿ, ಚರಿತ್ರೆಯ ಪುಸ್ತಕ ಮೌನ ತಾಳುತ್ತದೆ. ವಾಚಕರೆ, ಆ ಮೌನವನ್ನು ಸ್ವಲ್ಪವಾದರೂ ಮುರಿಯಬಹುದೇ ಎಂದು ನೋಡುವುದು ಈ ಲೇಖನದ ಉದ್ದೇಶ.

ಅಡಿಗೆಯ ವಿಷಯದಲ್ಲಿ ಕನ್ನಡ ನಾಡು ಬಡವಾದುದಲ್ಲ. 11ನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಬೇಸಾಯ, ವೈದ್ಯ ಮೊದಲಾದವುಗಳ ಜೊತೆಗೆ ಪಾಕವಿದ್ಯೆಗೂ ಎಡೆ ದೊರೆತಿದೆ. 1126ರಿಂದ 1138ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಭೋಜನವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನಂತೂ 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದನು. ಅದರಲ್ಲಿರುವುದೆಲ್ಲ ಶಾಕಾಹಾರವೇ, ಆದರೆ ಹಾಲು, ಮೊಸರು, ತುಪ್ಪಗಳಿಗೆ ಅಲ್ಲಿ ಬರವಿಲ್ಲ. ಅದು ಉಳ್ಳವರ ಪಾಕ.

ಇಲ್ಲದವರ ಪಾಕವನ್ನು ಯಾರೂ ಗ್ರಂಥಸ್ಥಗೊಳಿಸಲಿಲ್ಲ. ಅದು ಉಳಿದಿರುವುದು ಮಾತಿನಲ್ಲಿ. ಹಳೆಯ ಮೈಸೂರು ಸೀಮೆಯ ಮೂರು ಹೆಸರುಗಳನ್ನು ಗಮನಿಸಿ. ಬೆಂದ ಕಾಳು ಸೊಪ್ಪುಗಳಿಂದ ಬಸಿದ ಕಟ್ಟಿನ ಸಾರು ಬಸ್ಸಾರು. ಮಸೆದ ಸೊಪ್ಪು ಮಸ್ಸೊಪ್ಪು. ಆ ಕಟ್ಟಿಗೆ ಉಪ್ಪು ಮಾತ್ರ ಬೆರೆಸಿ, ಅರೆದ ಖಾರವನ್ನು ತಟ್ಟೆಯ ಅಂಚಿಗೆ ಬೇರೆಯಾಗಿ ಬಡಿಸಿದರೆ ಉಪ್ಪುಸಾರು. ಮೂರು ಹೆಸರುಗಳಲ್ಲಿಯೂ ಆಡಂಬರವಿಲ್ಲ. ಮಾಡುವ ಕೆಲಸವೇ ಹೆಸರಾಗಿದೆ. ಹೆಸರನ್ನು ಬಿಡಿಸಿದರೆ ಅಡಿಗೆಯ ಕ್ರಮ ಅರ್ಧ ತಿಳಿದಂತೆಯೇ.

ಬಸ್ಸಾರಿನ ಮಿತವ್ಯಯವನ್ನು ನೋಡಿ. ಒಂದೇ ಮಡಕೆಯಲ್ಲಿ ತೊಗರಿಯನ್ನೋ ಹುರುಳಿಯನ್ನೋ ಅಲಸಂದೆಯನ್ನೋ ಬೇಯಿಸಿ, ಸೊಪ್ಪು ಹಾಕಿ, ಬೆಂದ ಮೇಲೆ ನೀರನ್ನು ಬಸಿಯುತ್ತಾರೆ. ಒಂದು ಹಿಡಿ ಬೆಂದ ಕಾಳು ಸೊಪ್ಪನ್ನು ತೆಗೆದು, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಬೆಳ್ಳುಳ್ಳಿ, ಸುಟ್ಟ ಈರುಳ್ಳಿ, ಹುಣಿಸೆಹಣ್ಣು, ಇದ್ದರೆ ಒಂದು ಚೂರು ತೆಂಗಿನಕಾಯಿ ಸೇರಿಸಿ ಅರೆದು, ಆ ಕಟ್ಟಿಗೆ ಕದಡಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಬೇಯಿಸುವಿಕೆಯಿಂದ ಎರಡು ವ್ಯಂಜನ, ಚೆಲ್ಲುವುದೇನೂ ಇಲ್ಲ. ಮುದ್ದೆಯೊಡನೆ ಇದು ಪೂರ್ಣ ಭೋಜನ. ಹಾಲು ತುಪ್ಪಗಳ ಸೋಂಕೂ ಇಲ್ಲದ ಇಂಥ ಊಟಕ್ಕೆ ಈಗ 'ವೀಗನ್' ಎಂಬ ಹೆಸರುಂಟು. 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪದ ಅದು. ನಮ್ಮ ಹಳ್ಳಿಯಲ್ಲಿ ಅದು ವ್ರತವಾಗಿರಲಿಲ್ಲ. ಕರೆದ ಹಾಲು ಮಾರಾಟಕ್ಕೆ ಹೋಗುತ್ತಿತ್ತು, ಸೊಪ್ಪು ಮನೆಗೆ ಬರುತ್ತಿತ್ತು, ಅಷ್ಟೆ.

ಸಂಬಾರದ ಡಬ್ಬಿಯಲ್ಲಿಯೂ ಚರಿತ್ರೆ ಅಡಗಿದೆ. ಸೋಮೇಶ್ವರನ ಅರಮನೆಯಲ್ಲಾಗಲಿ ಅವನ ಪ್ರಜೆಗಳ ಗುಡಿಸಲಲ್ಲಾಗಲಿ ಮೆಣಸಿನಕಾಯಿ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ನಂತರ, ಪೋರ್ಚುಗೀಸರ ಹಡಗುಗಳ ಮೂಲಕ ಈ ತೀರಕ್ಕೆ ಇಳಿಯಿತು. ಮಲೆನಾಡಿನ ಬಳ್ಳಿಯ ಮೆಣಸಿನಂತೆಯೇ ಖಾರವಾದುದರಿಂದ ಕನ್ನಡಿಗರು ಹೊಸಬನಿಗೆ ಹಳಬನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಕೊನೆಗೆ ಹಳಬನೇ ಕರಿಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹೊತ್ತು ನಿಲ್ಲಬೇಕಾಯಿತು. ಉಪ್ಪುಸಾರಿನ ಖಾರಕ್ಕೆ ಇಂದಿಗೂ ಮೆಣಸು ಜೀರಿಗೆ ಅರೆಯುವ ಮನೆಗಳುಂಟು. ಅಲ್ಲಿ ಹಳೆಯ ರುಚಿಯ ನೆನಪು ಉಳಿದಿದೆ.

ಇನ್ನು ಸೊಪ್ಪು. ಮುಂಗಾರು ಹಿಡಿದು ರಾಗಿಯ ಪೈರು ಎದ್ದಾಗ ಸಾಲುಗಳ ನಡುವೆ ಅಣ್ಣೆ, ಗೋಣಿ, ಗಣಿಕೆ, ಕನ್ನೆ, ಕೀರೆ ತಾವಾಗಿ ಹುಟ್ಟುತ್ತವೆ, ಕೆರೆಯಂಗಳದಲ್ಲಿ ಹೊನಗೊನ್ನೆ. ಕಳೆ ಕೀಳಲು ಹೋದವಳ ಮಡಿಲಲ್ಲಿ ಬೆರಕೆಸೊಪ್ಪು ತುಂಬುತ್ತದೆ. ಕಹಿಯ ಗಣಿಕೆ ಎಷ್ಟು, ಹುಳಿಯ ಗೋಣಿ ಎಷ್ಟು ಎಂಬ ಅಳತೆ ಅವಳ ಕೈಗೆ ಗೊತ್ತು. ಬೇಸಗೆಯಲ್ಲಿ ನುಗ್ಗೆ, ಹುಣಿಸೆಯ ಚಿಗುರು. ಉತ್ತರದ ಸೀಮೆಯಲ್ಲಿ ಜೋಳದ ರೊಟ್ಟಿಗೆ ಪುಂಡಿಪಲ್ಯ. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಗೆ ಗೆಲವು ಕೊಟ್ಟರು. ಅದರ ನೆರೆಯಲ್ಲೇ ಬೆಳೆದ ಈ ಸೊಪ್ಪುಗಳಿಗೆ ಕವಿ ದೊರೆಯಲಿಲ್ಲ.

ಬಡತನವನ್ನು ಹೊಗಳಿ ಹಾಡುವುದು ನನ್ನ ಇಷ್ಟವಲ್ಲ. 1876ರಿಂದ 1878ರವರೆಗಿನ ಧಾತು ಸಂವತ್ಸರದ ಬರ ಆ ಭ್ರಮೆಯನ್ನು ಒಡೆಯುತ್ತದೆ. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆಯೇ ಇಲ್ಲದಾಗ ಸೊಪ್ಪೂ ಇಲ್ಲ. ಕಾಳಿಲ್ಲದೆ ಬರಿಯ ಎಲೆ ಜೀವ ಹಿಡಿಯದು. ಆದರೆ ಸಾಧಾರಣ ವರ್ಷಗಳ ಕೊರತೆಯಲ್ಲಿ, ಕಣಜ ಬರಿದಾಗುವ ಆಷಾಢ ಶ್ರಾವಣಗಳಲ್ಲಿ, ಮನೆಯ ಮಾನ ಕಾಯ್ದದ್ದು ಈ ವಿದ್ಯೆಯೇ.

ಆ ವಿದ್ಯೆ ಈಗ ಕ್ಷೀಣಿಸುತ್ತಿದೆ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಕಳೆಯೊಡನೆ ಸೊಪ್ಪೂ ಸಾಯುತ್ತದೆ. ಒಮ್ಮೆ ನನ್ನ ತರಗತಿಯಲ್ಲಿ ಸೊಪ್ಪುಗಳ ಹೆಸರು ಬರೆಯಲು ಹೇಳಿದೆ. ಹೆಚ್ಚಿನವರು ಪಾಲಕ್, ಮೆಂತ್ಯ, ಕೊತ್ತಂಬರಿಗಳಲ್ಲಿ ನಿಲ್ಲಿಸಿದರು. ಹದಿನಾಲ್ಕು ಹೆಸರು ಬರೆದ ಹುಡುಗಿಯನ್ನು ಯಾರು ಕಲಿಸಿದರಮ್ಮ ಎಂದು ಕೇಳಿದೆ. "ನಮ್ಮಜ್ಜಿ, ಸಾರ್" ಎಂದಳು. ಹೆಸರು ಮರೆತ ಸೊಪ್ಪನ್ನು ಯಾರೂ ಕೀಳರು. ಕೀಳದ ಸೊಪ್ಪಿನ ಗುರುತು ಇನ್ನೊಂದು ತಲೆಮಾರಿಗೆ ಉಳಿಯದು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವೇ ನಿಜಮಾಡಬಾರದು. ಗುರುತು ತಿಳಿಯದ ಎಲೆಯನ್ನು ಒಲೆಗೇರಿಸುವುದು ಅಪಾಯ. ಆದುದರಿಂದಲೇ ಬಲ್ಲವರನ್ನು ಇಂದೇ ಕೇಳಬೇಕು. ಈ ಮಳೆಗಾಲದಲ್ಲಿ ನಿಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳೊಡನೆ ಹೊಲದ ಬದುವಿನ ಮೇಲೆ ನಡೆದು, ಅವರು ಹೇಳುವ ಹೆಸರುಗಳನ್ನೂ ಬೇಯಿಸುವ ಬಗೆಯನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಮಂಗರಸನು ಬರೆಯದೆ ಬಿಟ್ಟ ಅಧ್ಯಾಯ ಅದು.